ದಿನದ ಕೊನೆಯ ಲೆಕ್ಕ

ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯ ಕೊನೆಯಲ್ಲಿ ಒಂದು ದಿನಸಿ ಅಂಗಡಿ ಇತ್ತು. ರಾತ್ರಿ ಎಂಟೂವರೆಯ ಹೊತ್ತಿಗೆ ಸೆಟ್ಟರು ಅರ್ಧ ಬಾಗಿಲು ಹಾಕಿ, ಗಲ್ಲಾಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಕೆಂಪು ಬಟ್ಟೆ ಹೊದಿಸಿದ ಕಿರ್ದಿ ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚುತ್ತಿದ್ದರು. ಬಂದದ್ದು ಒಂದು ಕಡೆ, ಹೋದದ್ದು ಇನ್ನೊಂದು ಕಡೆ. ಆ ಹೊತ್ತಿನಲ್ಲಿ ಯಾರಾದರೂ ಹೋಗಿ ಬೆಂಕಿಪೆಟ್ಟಿಗೆ ಕೇಳಿದರೂ ಅವರು ತಲೆ ಎತ್ತುತ್ತಿರಲಿಲ್ಲ. ಲೆಕ್ಕ ಹೊಂದಿಕೊಂಡ ಮೇಲೆ ಪುಸ್ತಕವನ್ನು ಮುಚ್ಚಿ ಒಮ್ಮೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಆಗ ಅವರ ಮುಖದಲ್ಲಿ ಕಾಣುತ್ತಿದ್ದ ನಿಶ್ಚಿಂತೆಯನ್ನು ನಾನು ಬೇರೆ ಯಾವ ಹೊತ್ತಿನಲ್ಲಿಯೂ ಕಂಡದ್ದಿಲ್ಲ.

ಸುಮಾರು ಅದೇ ಹೊತ್ತಿಗೆ ನಮ್ಮ ಮನೆಯಲ್ಲಿಯೂ ಒಂದು ಬಗೆಯ ಲೆಕ್ಕ ನಡೆಯುತ್ತಿತ್ತು. ನಾವು ಕಥೋಲಿಕ ಕ್ರೈಸ್ತರು. ರಾತ್ರಿಯ ಜಪಸರ ಮುಗಿದ ಮೇಲೆ ಅಮ್ಮ, "ಈಗ ಅವರವರ ದಿನಾನ ಅವರವರು ನೋಡ್ಕೊಳ್ಳಿ" ಎಂದು ಹೇಳಿ ಸುಮ್ಮನಾಗುತ್ತಿದ್ದಳು. ಎರಡು ಮೂರು ನಿಮಿಷ ಯಾರೂ ಮಾತನಾಡಬಾರದು. ಆ ಮೌನದಲ್ಲಿ ನಾನು ಬಲು ಶ್ರದ್ಧೆಯಿಂದ ನನ್ನ ಅಣ್ಣನ ದಿನವನ್ನು ನೋಡುತ್ತಿದ್ದೆ. ಅವನು ಕದ್ದು ತಿಂದ ಬೆಲ್ಲ, ಹೇಳಿದ ಸುಳ್ಳು, ನನಗೆ ಕೊಟ್ಟ ಗುದ್ದು, ಒಂದೂ ಬಿಟ್ಟುಹೋಗುತ್ತಿರಲಿಲ್ಲ. ನನ್ನ ದಿನ ಮಾತ್ರ ಎಷ್ಟು ಹುಡುಕಿದರೂ ಖಾಲಿಯಾಗಿರುತ್ತಿತ್ತು. ಆತ್ಮಪರೀಕ್ಷೆಯೆಂಬ ವಿದ್ಯೆಯಲ್ಲಿ ನಾನು ಇಟ್ಟ ಮೊದಲನೆಯ ಹೆಜ್ಜೆ ಇದು. ಇಷ್ಟು ವರ್ಷಗಳ ಮೇಲೆ ಎರಡನೆಯ ಹೆಜ್ಜೆ ಇಟ್ಟಿದ್ದೇನೆಯೆ ಎಂದು ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ. ಆ ಸಂಶಯವೇ ಈ ಲೇಖನಕ್ಕೆ ಕಾರಣ.

ಪ್ರಶ್ನೆ ಇಷ್ಟು: ದಿನದಿನವೂ ತನ್ನನ್ನು ತಾನು ವಿಚಾರಿಸಿಕೊಂಡು, ಕಂಡದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದರಿಂದ ಮನುಷ್ಯ ಒಳ್ಳೆಯವನಾಗುತ್ತಾನೆಯೆ? ಅಥವಾ ತನ್ನ ವಿಷಯವನ್ನು ತಾನೇ ಆಡಿಕೊಳ್ಳುವ ಒಂದು ಹೊಸ ಚಟವನ್ನು ಬೆಳೆಸಿಕೊಳ್ಳುತ್ತಾನೆಯೆ?

ಈ ಪದ್ಧತಿ ಕಥೋಲಿಕರ ಸ್ವಂತ ಆಸ್ತಿಯೇನೂ ಅಲ್ಲ. ರೋಮಿನ ತತ್ತ್ವಜ್ಞಾನಿ ಸೆನೆಕ ಕೋಪವನ್ನು ಕುರಿತು ಬರೆದ ತನ್ನ ಗ್ರಂಥದಲ್ಲಿ, ರಾತ್ರಿ ದೀಪವನ್ನು ತೆಗೆದ ಮೇಲೆ, ತನ್ನ ಅಭ್ಯಾಸವನ್ನು ಬಲ್ಲ ಹೆಂಡತಿ ಮೌನವಾದ ಮೇಲೆ, ತಾನು ಇಡೀ ದಿನವನ್ನು ಮತ್ತೆ ಅಳೆದು ನೋಡಿಕೊಳ್ಳುತ್ತೇನೆಂದು ಹೇಳುತ್ತಾನೆ. ನಮ್ಮಲ್ಲಿ ಸಂಜೆಯ ಸಂಧ್ಯಾವಂದನೆ ಮಾಡುವವರು ಹಗಲಿನಲ್ಲಿ ಮನಸ್ಸಿನಿಂದ, ಮಾತಿನಿಂದ, ಕೈಕಾಲುಗಳಿಂದ ಆದ ಪಾಪ ಕಳೆಯಲೆಂದು ಬೇಡುವ ಮಂತ್ರವೊಂದುಂಟು. ಕಥೋಲಿಕ ಧರ್ಮಸಭೆಯು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯಲ್ಲಿ, ವಿವೇಕ ಬಂದ ಪ್ರತಿಯೊಬ್ಬರೂ ವರ್ಷಕ್ಕೆ ಒಮ್ಮೆಯಾದರೂ ಗುರುಗಳ ಬಳಿ ಪಾಪನಿವೇದನೆ ಮಾಡತಕ್ಕದ್ದೆಂದು ವಿಧಿಸಿತು. ನಿವೇದಿಸಬೇಕಾದರೆ ಮೊದಲು ಹುಡುಕಿಕೊಳ್ಳಬೇಕಷ್ಟೆ. ಗುರುಗಳೂ ಸನ್ಯಾಸಿಗಳೂ ಹೇಳುವ ರಾತ್ರಿಯ ಪ್ರಾರ್ಥನೆಯ ಆರಂಭದಲ್ಲಿಯೇ ಇಂಥ ಒಂದು ಶೋಧನೆಗೆ ಅವಕಾಶವಿದೆ. ಆದರೆ ಇದನ್ನು ಒಂದು ಶಾಸ್ತ್ರವಾಗಿ, ಮನಸ್ಸಿನ ದೈನಂದಿನ ವ್ಯಾಯಾಮವಾಗಿ ರೂಪಿಸಿ ಲೋಕಕ್ಕೆ ಕೊಟ್ಟವರು ಹದಿನಾರನೆಯ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲರು. ಅವರು ಸ್ಥಾಪಿಸಿದ ಯೇಸುಸಭೆಯವರು ಇಂದಿಗೂ ದಿನಕ್ಕೆ ಎರಡು ಸಲ, ಮಧ್ಯಾಹ್ನ ಮತ್ತು ರಾತ್ರಿ, ಇದನ್ನು ನಡೆಸಬೇಕು.

ಇಗ್ನೇಷಿಯಸರು ಹುಟ್ಟಿನಿಂದ ಸಂತರಲ್ಲ. ಸ್ಪೇನಿನ ಬಾಸ್ಕ್ ನಾಡಿನ ಪಾಳೆಯಗಾರ ಮನೆತನದವರು. ಕತ್ತಿ, ಕೀರ್ತಿ, ಸ್ತ್ರೀಯರ ಮೆಚ್ಚುಗೆ ಇವುಗಳಲ್ಲಿ ಮನಸ್ಸಿಟ್ಟವರು. 1521ರಲ್ಲಿ ಪಾಂಪ್ಲೋನದ ಕೋಟೆಯನ್ನು ಫ್ರೆಂಚರು ಮುತ್ತಿದಾಗ ಫಿರಂಗಿಯ ಗುಂಡು ಬಡಿದು ಕಾಲು ಮುರಿಯಿತು. ಮನೆಗೆ ಹೊತ್ತು ತಂದರು. ಹಾಸಿಗೆಯಲ್ಲಿ ಹೊತ್ತು ಹೋಗದೆ ಅವರು ವೀರರ ಸಾಹಸಕಥೆಗಳನ್ನು ಕೇಳಿದರಂತೆ. ಮನೆಯಲ್ಲಿ ಅಂಥ ಪುಸ್ತಕ ಒಂದೂ ಸಿಕ್ಕದೆ, ಕ್ರಿಸ್ತನ ಚರಿತ್ರೆಯನ್ನೂ ಸಂತರ ಚರಿತ್ರೆಗಳನ್ನೂ ತಂದುಕೊಟ್ಟರು. ಆ ಮನುಷ್ಯ ಮಲಗಿದಲ್ಲೇ ಎರಡು ಬಗೆಯ ಹಗಲುಗನಸುಗಳನ್ನು ಕಾಣತೊಡಗಿದರು. ಒಂದರಲ್ಲಿ ತಾವು ದೊಡ್ಡ ಮನೆತನದ ಸ್ತ್ರೀಯೊಬ್ಬಳ ಮನಸ್ಸನ್ನು ಗೆಲ್ಲುತ್ತಿದ್ದರು; ಇನ್ನೊಂದರಲ್ಲಿ ಸಂತ ಫ್ರಾನ್ಸಿಸರಂತೆ, ಸಂತ ಡೊಮಿನಿಕರಂತೆ ಬರಿಗಾಲಲ್ಲಿ ನಡೆಯುತ್ತಿದ್ದರು. ಕಾಣುವಾಗ ಎರಡೂ ಸಿಹಿಯೇ. ಆದರೆ ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸಿ ಬಿಟ್ಟುಹೋಗುತ್ತಿತ್ತು. ಎರಡನೆಯದರ ಸಂತೋಷ ಆಮೇಲೂ ಉಳಿಯುತ್ತಿತ್ತು. ಬಹುಕಾಲ ಅದನ್ನು ಗಮನಿಸದೆ ಇದ್ದವರು ಒಂದು ದಿನ ಗಮನಿಸಿದರು.

ಇಗ್ನೇಷಿಯಸರ ಸಾಧನೆಯೆಲ್ಲ ಈ ಒಂದು ಗಮನದಿಂದ ಹೊರಟಿತೆಂದು ನನಗೆ ತೋರುತ್ತದೆ. ಯಾವ ಯೋಚನೆ ಬಂತು ಎಂಬುದಕ್ಕಿಂತ, ಬಂದು ಹೋದ ಮೇಲೆ ಅದು ಏನನ್ನು ಬಿಟ್ಟುಹೋಯಿತು ಎಂಬುದನ್ನು ನೋಡುವುದು. ಅಡಿಗೆ ಮಾಡುವವರು ಪಾತ್ರೆಯ ತಳವನ್ನು ನೋಡಿ ಉರಿ ಎಷ್ಟಿತ್ತೆಂದು ತಿಳಿಯುತ್ತಾರಲ್ಲ, ಹಾಗೆ.

ಆದರೆ ಈ ಪದ್ಧತಿಗೆ ಇನ್ನೊಂದು ಮುಖವೂ ಉಂಟು. ಅವರು ಬರೆದ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಪುಸ್ತಕ 1548ರಲ್ಲಿ ಮೂರನೆಯ ಪೌಲ್ ಪೋಪರ ಒಪ್ಪಿಗೆ ಪಡೆದು ಅಚ್ಚಾಯಿತು. ಅದರಲ್ಲಿ ಒಂದು ಗೆರೆಗಳ ಪಟ್ಟಿ ಇದೆ. ತನ್ನಲ್ಲಿರುವ ಯಾವುದಾದರೂ ಒಂದೇ ದೋಷವನ್ನು ಆರಿಸಿಕೊಳ್ಳಬೇಕು. ಬೆಳಗ್ಗೆ ಎದ್ದಾಗ ಅದರ ವಿಷಯದಲ್ಲಿ ಎಚ್ಚರವಾಗಿರುತ್ತೇನೆಂದು ನಿಶ್ಚಯಿಸಬೇಕು. ದಿನದ ನಡುವೆ ತಪ್ಪಿದಾಗಲೆಲ್ಲ ಎದೆಯ ಮೇಲೆ ಕೈಯಿಟ್ಟುಕೊಳ್ಳಬೇಕು. ಇದನ್ನು ನಾಲ್ಕು ಜನರ ನಡುವೆಯೂ ಯಾರಿಗೂ ತಿಳಿಯದ ಹಾಗೆ ಮಾಡಬಹುದು. ಮಧ್ಯಾಹ್ನದ ಊಟವಾದ ಮೇಲೆ, ಮತ್ತೆ ರಾತ್ರಿ, ಎಷ್ಟು ಸಲ ತಪ್ಪಿದೆನೋ ಅಷ್ಟು ಚುಕ್ಕೆಗಳನ್ನು ಆಯಾ ಗೆರೆಯ ಮೇಲೆ ಇಡಬೇಕು. ಮಧ್ಯಾಹ್ನಕ್ಕೂ ರಾತ್ರಿಗೂ, ನಿನ್ನೆಗೂ ಇವತ್ತಿಗೂ, ಹೋದ ವಾರಕ್ಕೂ ಈ ವಾರಕ್ಕೂ ತಾಳೆ ನೋಡಬೇಕು. ಇದನ್ನು ಮೊದಲು ಓದಿದಾಗ ನನಗೆ ಕಣ್ಣ ಮುಂದೆ ಬಂದದ್ದು ಸೆಟ್ಟರ ಕಿರ್ದಿ.

ಹದಿನೆಂಟನೆಯ ಶತಮಾನದ ಅಮೆರಿಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಇಂಥದೇ ಒಂದು ಪುಸ್ತಕವನ್ನು ಇಟ್ಟಿದ್ದುದು ಅನೇಕರಿಗೆ ತಿಳಿದಿರಬಹುದು. ಆತ ಕಥೋಲಿಕನಲ್ಲ. ಹದಿಮೂರು ಗುಣಗಳು, ವಾರದ ಏಳು ದಿನಗಳು, ತಪ್ಪಿಗೊಂದು ಕಪ್ಪು ಚುಕ್ಕೆ. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದ ತೂತಾಗಲು, ಒರಸಿ ಮತ್ತೆ ಬರೆಯಬಹುದಾದ ದಂತದ ಹಾಳೆಗಳಿಗೆ ಬದಲಾಯಿಸಿಕೊಂಡನಂತೆ. ಪಟ್ಟಿಯ ಕೊನೆಯ ಗುಣ ವಿನಯ. ಅದರಲ್ಲಿ ತಾನು ನಿಜವಾಗಿ ಗೆದ್ದೆನೆಂದು ಹೇಳಲಾರೆ, ಗೆದ್ದಿದ್ದರೂ ಆ ವಿನಯದ ವಿಷಯವಾಗಿಯೇ ಗರ್ವಪಡುತ್ತಿದ್ದೆನೇನೋ ಎಂಬ ಅರ್ಥದ ಮಾತನ್ನು ಆತ ತನ್ನ ಆತ್ಮಕಥೆಯಲ್ಲಿ ಹೇಳಿದ್ದಾನೆ. ಪ್ರಾಮಾಣಿಕವಾದ ಮಾತು. ಚುಕ್ಕೆಗಳ ಲೆಕ್ಕಕ್ಕೆ ಇರುವ ಮಿತಿಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ. ಚುಕ್ಕೆ ಕಡಿಮೆಯಾದರೆ ಗರ್ವ, ಹೆಚ್ಚಾದರೆ ಹತಾಶೆ.

ಈ ಹತಾಶೆಯ ಆಳವನ್ನು ಇಗ್ನೇಷಿಯಸರೇ ಕಂಡಿದ್ದರು. 1522ರಲ್ಲಿ ಅವರು ಮೊಂಟ್ಸೆರಾಟ್ ಎಂಬ ಪುಣ್ಯಕ್ಷೇತ್ರಕ್ಕೆ ಹೋಗಿ, ತಮ್ಮ ಜೀವಮಾನದ ಪಾಪಗಳನ್ನೆಲ್ಲ ಬರೆದುಕೊಂಡು ಮೂರು ದಿನ ನಿವೇದನೆ ಮಾಡಿದರು. ಅಲ್ಲಿಂದ ಮನ್ರೇಸ ಎಂಬ ಊರಿಗೆ ಬಂದ ಮೇಲೆ ಸಂಶಯ ಹಿಡಿಯಿತು: ಏನಾದರೂ ಬಿಟ್ಟುಹೋಯಿತೆ? ಹೇಳಿದ್ದನ್ನು ಪೂರ್ತಿಯಾಗಿ ಹೇಳಿದೆನೆ? ಮತ್ತೆ ನಿವೇದನೆ, ಮತ್ತೆ ಸಂಶಯ. ಬಹಳ ಸ್ಪಷ್ಟವಾದದ್ದನ್ನು ಬಿಟ್ಟು ಹಳೆಯದನ್ನು ಹೇಳಬೇಡಿ ಎಂದು ಗುರುಗಳು ಹೇಳಿದರೆ, ಅವರಿಗೆ ಎಲ್ಲವೂ ಬಹಳ ಸ್ಪಷ್ಟವಾಗಿಯೇ ಕಾಣುತ್ತಿತ್ತು! ಒಂದು ವಾರ ಅನ್ನ ನೀರು ಬಿಟ್ಟರು. ಪ್ರಾಣವನ್ನೇ ಕಳೆದುಕೊಂಡುಬಿಡೋಣ ಎನ್ನುವ ಯೋಚನೆಯೂ ಬಂದುಹೋಯಿತು. ಕೊನೆಗೆ, ಈ ಯೋಚನೆಗಳು ಏನನ್ನು ಬಿಟ್ಟುಹೋಗುತ್ತಿವೆ ಎಂದು ನೋಡಿದರು. ಪಾತ್ರೆಯ ತಳ ಪೂರಾ ಸೀದುಹೋಗಿತ್ತು. ಇದು ದೇವರಿಂದ ಬಂದದ್ದಲ್ಲವೆಂದು ತಿಳಿದು, ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲವೆಂದು ನಿಶ್ಚಯಿಸಿದರು. ಬಿಡುಗಡೆಯಾಯಿತು.

ಈ ಬಗೆಯ ಪೀಡೆಗೆ ಕಥೋಲಿಕ ಶಾಸ್ತ್ರದಲ್ಲಿ ಬಳಸುವ ಶಬ್ದದ ಮೂಲ ಲ್ಯಾಟಿನ್ನಿನ 'ಸ್ಕ್ರೂಪುಲುಸ್'. ಚಿಕ್ಕ ಚೂಪುಗಲ್ಲು ಎಂದು ಅದರ ಅರ್ಥ. ಚಪ್ಪಲಿಯೊಳಕ್ಕೆ ಸೇರಿಕೊಂಡ ಹರಳು ಎನ್ನೋಣ. ಹೆಜ್ಜೆ ಹೆಜ್ಜೆಗೂ ಚುಚ್ಚುತ್ತದೆ; ಅದನ್ನೇ ಚಿಂತಿಸುತ್ತ ನಡೆಯುವವನಿಗೆ ದಾರಿಯೂ ಕಾಣುವುದಿಲ್ಲ, ಜೊತೆಗೆ ನಡೆಯುವವರೂ ಕಾಣುವುದಿಲ್ಲ.

ಇಷ್ಟನ್ನೆಲ್ಲ ಅನುಭವಿಸಿದ ಮನುಷ್ಯ ಇತರರಿಗಾಗಿ ದಿನದ ಶೋಧನೆಯ ಕ್ರಮವನ್ನು ಬರೆಯುವಾಗ ಅದನ್ನು ಎಲ್ಲಿಂದ ಆರಂಭಿಸಿದರು ಎಂಬುದು ಗಮನಿಸತಕ್ಕ ವಿಷಯ. ಕ್ರಮದಲ್ಲಿ ಐದು ಅಂಗಗಳಿವೆ. ಮೊದಲನೆಯದು, ಪಡೆದ ಉಪಕಾರಗಳಿಗಾಗಿ ದೇವರಿಗೆ ಕೃತಜ್ಞತೆ. ಎರಡನೆಯದು, ನನ್ನ ಪಾಪಗಳನ್ನು ಅರಿಯುವಂತೆ ಬೆಳಕು ಕೊಡು ಎಂಬ ಬೇಡಿಕೆ. ಮೂರನೆಯದು, ಎದ್ದ ಹೊತ್ತಿನಿಂದ ಗಂಟೆ ಗಂಟೆಯಾಗಿ ದಿನದ ಶೋಧನೆ: ಮೊದಲು ಯೋಚನೆ, ಆಮೇಲೆ ಮಾತು, ಆಮೇಲೆ ಕೆಲಸ. ನಾಲ್ಕನೆಯದು, ಕ್ಷಮಾಯಾಚನೆ. ಐದನೆಯದು, ತಿದ್ದಿಕೊಳ್ಳುವ ಸಂಕಲ್ಪ. ಪಾಪದ ವಿಚಾರಣೆ ಇರುವುದು ಮೂರನೆಯ ಸ್ಥಾನದಲ್ಲಿ. ಕೃತಜ್ಞತೆಯ ಬಾಗಿಲನ್ನೂ ಪ್ರಾರ್ಥನೆಯ ಬಾಗಿಲನ್ನೂ ದಾಟದೆ ಅಲ್ಲಿಗೆ ಹೋಗುವಂತಿಲ್ಲ.

ಇದು ಬರಿಯ ಭಕ್ತಿಯ ಉಪಚಾರವಲ್ಲ. ಇದರಲ್ಲಿ ಒಂದು ಯುಕ್ತಿ ಇದೆ. ಆತ್ಮಪರೀಕ್ಷೆಯ ಮೇಲೆ ತತ್ತ್ವಜ್ಞರು ತರುವ ದೊಡ್ಡ ಆಕ್ಷೇಪಣೆ, ಇಲ್ಲಿ ಅಪರಾಧಿಯೂ ನ್ಯಾಯಾಧೀಶನೂ ಒಬ್ಬನೇ ಎಂಬುದು. ತನ್ನ ಮೊಕದ್ದಮೆಯನ್ನು ತಾನೇ ವಿಚಾರಿಸುವವನು ಒಂದೋ ತನ್ನನ್ನು ಬಿಟ್ಟುಬಿಡುತ್ತಾನೆ, ಇಲ್ಲವೆ, ತಾನು ನಿಷ್ಪಕ್ಷಪಾತಿ ಎಂದು ತೋರಿಸಿಕೊಳ್ಳುವುದಕ್ಕಾಗಿ ಅತಿ ಕಠಿಣವಾದ ಶಿಕ್ಷೆ ಕೊಟ್ಟುಕೊಳ್ಳುತ್ತಾನೆ. ಇಗ್ನೇಷಿಯಸರ ಕ್ರಮದಲ್ಲಿ ಮನುಷ್ಯ ನ್ಯಾಯಾಧೀಶನ ಪೀಠವನ್ನು ಏರುವುದೇ ಇಲ್ಲ. ಮೊದಲ ಅಂಗದಲ್ಲಿ ಅವನು ಸಾಲಗಾರ. ಎರಡನೆಯದರಲ್ಲಿ, ತನ್ನ ಕಣ್ಣು ಸಾಲದೆಂದು ಒಪ್ಪಿ ದೀಪ ಬೇಡುವವನು. ಅಂಥವನು ಮೂರನೆಯ ಅಂಗಕ್ಕೆ ಬರುವಾಗ ಅವನಿಗೆ ಗರ್ವಪಡುವ ಅವಕಾಶವೂ ಕಡಿಮೆ, ಹತಾಶನಾಗುವ ಅವಕಾಶವೂ ಕಡಿಮೆ. ಎಷ್ಟು ಬಂದಿದೆಯೆಂದು ಎಣಿಸಿ ನೋಡಿದವನಿಗೆ, ಎಷ್ಟು ಕೊಡಲಿಲ್ಲವೆಂಬುದು ತಾನಾಗಿ ಕಾಣುತ್ತದೆ. ಸೆಟ್ಟರ ಕಿರ್ದಿಯಲ್ಲಿಯೂ ಜಮಾ ಬರೆದ ಮೇಲೆಯೇ ಖರ್ಚು.

ಈಚೆಗೆ ಈ ಅಭ್ಯಾಸದ ವಿಷಯವಾಗಿ ಯೇಸುಸಭೆಯವರಲ್ಲಿಯೇ ಒಂದು ಹೊಸ ವಿಚಾರ ಹುಟ್ಟಿತು. 1972ರಲ್ಲಿ ಜಾರ್ಜ್ ಆಶೆನ್‌ಬ್ರೆನ್ನರ್ ಎಂಬ ಅಮೆರಿಕದ ಗುರುಗಳು ಬರೆದ ಒಂದು ಲೇಖನದಿಂದ ಅದು ಹೆಚ್ಚು ಪ್ರಚಾರ ಪಡೆಯಿತು. ಇದು ತಪ್ಪುಒಪ್ಪುಗಳ ತನಿಖೆಯಾಗಿ ಮುಗಿಯಬಾರದು, ದಿನದ ನಡುವೆ ದೇವರು ನಮ್ಮನ್ನು ಎತ್ತ ಸೆಳೆಯುತ್ತಿದ್ದಾನೆಂಬ ಎಚ್ಚರವಾಗಬೇಕು ಎಂಬುದು ಅವರ ವಾದದ ಸಾರ. ಸ್ಪ್ಯಾನಿಷ್ ಭಾಷೆಯಲ್ಲಿ ಅಂತಃಸಾಕ್ಷಿಗೂ ಅರಿವಿಗೂ ಒಂದೇ ಶಬ್ದ. ಕನ್ನಡದಲ್ಲಿ ನಮಗೆ ಎರಡು ಶಬ್ದಗಳಿವೆ. ಅವುಗಳಲ್ಲಿ 'ಅರಿವು' ಎಂಬುದು ಶಿವಶರಣರ ಕಾಲದಿಂದ ಎಷ್ಟು ಬೆಲೆ ಪಡೆದ ಮಾತೆಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ.

ಇನ್ನು ಬರವಣಿಗೆಯ ಮಾತು. ಕಣ್ಣು ಮುಚ್ಚಿ ಕುಳಿತರೆ ಸಾಲದೆ? ಪುಸ್ತಕ ಏತಕ್ಕೆ? ಬರೆಯುವುದರಿಂದ ಲಾಭ ಇದೆಯೆಂಬುದು ನನ್ನ ಅನುಭವ. ಮನಸ್ಸು ಬಲು ಜಾರು, ಹಿಡಿದೆನೆನ್ನುವಷ್ಟರಲ್ಲಿ ನುಣುಚಿಕೊಳ್ಳುತ್ತದೆ. ಕಾಗದದ ಮೇಲೆ ಇಳಿದ ಮಾತು ನಾಳೆಯೂ ಅಲ್ಲಿಯೇ ಇರುತ್ತದೆ. ಒಂದು ತಿಂಗಳ ಪುಟಗಳನ್ನು ಒಟ್ಟಿಗೆ ತಿರುವಿದಾಗ, ದಿನದಿನಕ್ಕೆ ಬೇರೆ ಬೇರೆಯೆಂದು ತೋರಿದ ಹತ್ತು ತಪ್ಪುಗಳು ಒಂದೇ ತಪ್ಪಿನ ಹತ್ತು ವೇಷಗಳೆಂದು ಗೊತ್ತಾಗುತ್ತದೆ. ಮನೆಯಲ್ಲಿ ರೇಗಿದ್ದು, ಸಹೋದ್ಯೋಗಿಯನ್ನು ಕೊಂಕಿದ್ದು, ಪರೀಕ್ಷೆಯ ಪತ್ರಿಕೆಯನ್ನು ಅವಸರದಲ್ಲಿ ತಿದ್ದಿದ್ದು, ಇವೆಲ್ಲಕ್ಕೂ ಬೇರು 'ನನ್ನ ಹೊತ್ತು ಇತರರ ಹೊತ್ತಿಗಿಂತ ಬೆಲೆಯುಳ್ಳದ್ದು' ಎಂಬ ಒಂದೇ ನಂಬಿಕೆ ಎಂದು ನನಗೆ ತಿಳಿದದ್ದು ಹಾಗೆ ಪುಟ ತಿರುವಿದಾಗಲೇ.

ಇಗ್ನೇಷಿಯಸರೂ ಬರೆಯುತ್ತಿದ್ದರು. ಅವರ ದಿನಚರಿಯಲ್ಲಿ 1544ರ ಫೆಬ್ರವರಿ 2ರಿಂದ 1545ರ ಫೆಬ್ರವರಿ 27ರವರೆಗಿನ ಭಾಗ ಉಳಿದು ಬಂದಿದೆ. ಯೇಸುಸಭೆಯ ದೇವಾಲಯಗಳಿಗೆ ಸ್ಥಿರವಾದ ವರಮಾನ ಇರಬೇಕೆ, ಬೇಡವೆ ಎಂಬ ಪ್ರಶ್ನೆಯನ್ನು ಅವರು ಆಗ ದಿನವೂ ದೇವರ ಮುಂದೆ ಇಟ್ಟು ತೂಗುತ್ತಿದ್ದರು. ಎಷ್ಟೋ ದಿನಗಳಲ್ಲಿ ಪೂಜೆಯ ಹೊತ್ತು ಬಂದ ಕಣ್ಣೀರಿನ ಉಲ್ಲೇಖವಿದೆ. ದಿನ ಕಳೆದ ಹಾಗೆ ಬರಹ ಸೊರಗುತ್ತ ಹೋಗಿ, ಕೊನೆಕೊನೆಗೆ ಕೆಲವೇ ಅಕ್ಷರಗಳ ಸಂಕೇತವಾಗಿಬಿಡುತ್ತದೆ. ಓದುವವರಿಗೆ ಅಲ್ಲಿ ಏನೂ ರುಚಿಯಿಲ್ಲ. ಅವರ ಆತ್ಮಚರಿತ್ರೆಯನ್ನು ಅವರ ಬಾಯಿಂದ ಕೇಳಿ ಬರೆದುಕೊಂಡ ಗೊನ್ಸಾಲ್ವೆಸ್ ದ ಕಾಮರ ಎಂಬ ಗುರುಗಳು ಇಂಥ ಬರಹಗಳ ದೊಡ್ಡದೊಂದು ಕಟ್ಟನ್ನು ಕಂಡು, ಸ್ವಲ್ಪ ಕಾಲ ತಮ್ಮಲ್ಲಿ ಬಿಟ್ಟಿರಬೇಕೆಂದು ಕೇಳಿದಾಗ, ಇಗ್ನೇಷಿಯಸರು ಒಪ್ಪಲಿಲ್ಲ.

ಎಲ್ಲರ ಪುಸ್ತಕಗಳಿಗೂ ಆ ಮರೆ ದಕ್ಕಲಿಲ್ಲ. ಇಪ್ಪತ್ತಮೂರನೆಯ ಜಾನ್ ಪೋಪರು 1895ರಲ್ಲಿ, ಇಟಲಿಯ ಬೆರ್ಗಮೊ ಗುರುಮಠದಲ್ಲಿ ಇನ್ನೂ ಹುಡುಗನಾಗಿದ್ದಾಗ ಬರೆಯತೊಡಗಿದ ಆತ್ಮದ ದಿನಚರಿ ಅವರು ತೀರಿಕೊಂಡ ಮರುವರ್ಷ, 1964ರಲ್ಲಿ, ಪ್ರಕಟವಾಯಿತು. ಮದರ್ ತೆರೇಸಾ ಅವರು ತಮ್ಮ ಗುರುಗಳಿಗೆ ಬರೆದ ಗುಟ್ಟಿನ ಪತ್ರಗಳನ್ನು ನಾಶಮಾಡಬೇಕೆಂದು ಬೇಡಿಕೊಂಡಿದ್ದರೂ, ಅವು ಉಳಿದು, 2007ರಲ್ಲಿ ಪುಸ್ತಕವಾಗಿ ಬಂದುವು. ಅನಾಥರ ಸೇವೆಯಲ್ಲಿ ನಗುಮುಖದಿಂದ ಓಡಾಡುತ್ತಿದ್ದ ಆ ತಾಯಿ ವರ್ಷವರ್ಷಗಳ ಕಾಲ ಒಳಗೆ ಎಂಥ ಕತ್ತಲನ್ನು ಹೊತ್ತಿದ್ದರೆಂದು ಲೋಕಕ್ಕೆ ತಿಳಿದದ್ದು ಆಗ. ಆ ಪುಸ್ತಕದಿಂದ ಅನೇಕರಿಗೆ ಸಮಾಧಾನ ದೊರೆತಿರುವುದು ನಿಜ. ಆದರೂ, ಬೇಡವೆಂದವರ ಮಾತನ್ನು ಮೀರಿ ಓದುತ್ತಿದ್ದೇನೆಂಬ ಅಳುಕಿಲ್ಲದೆ ನಾನು ಅದನ್ನು ಓದಲಾರೆ.

ಇಲ್ಲಿಗೆ ಪ್ರಶ್ನೆಯ ಗಂಟು ಬಂತು. ಇಂಥ ಪುಸ್ತಕವನ್ನು ಬರೆಯುವುದು ಯಾರಿಗೆ? ಸಂತ ಅಗಸ್ಟೀನರು ನಾಲ್ಕನೆಯ ಶತಮಾನದ ಕೊನೆಯಲ್ಲಿ ಬರೆಯಲಾರಂಭಿಸಿದ ತಮ್ಮ ನಿವೇದನೆಗಳ ಗ್ರಂಥದ ಉದ್ದಕ್ಕೂ ದೇವರನ್ನು 'ನೀನು' ಎಂದು ಕರೆದು ಮಾತನಾಡುತ್ತಾರೆ. ನಮ್ಮ ವಚನಗಳಲ್ಲಿಯೂ, ಆಡಿದ ಮಾತು ಎಷ್ಟೇ ಒಳಗಿನದಾದರೂ, ಕೊನೆಯಲ್ಲಿ ಒಂದು ಅಂಕಿತ ಬಂದು ನಿಲ್ಲುತ್ತದೆ. ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ ಎಂದು ಕರೆದಾಗ, ಅದುವರೆಗಿನ ಮಾತಿಗೆ ಕೇಳುವವನೊಬ್ಬನು ಎದುರಿಗೆ ಇದ್ದನೆಂದು ಸ್ಥಿರವಾಗುತ್ತದೆ. ಎಲ್ಲವನ್ನೂ ಮೊದಲೇ ಬಲ್ಲವನಿಗೆ ಹೇಳುವಾಗ ಸುಳ್ಳು ಹೇಳಿ ಫಲವಿಲ್ಲ. ಅಲಂಕರಿಸಿ ಹೇಳಿಯೂ ಫಲವಿಲ್ಲ. ಆತ್ಮದ ದಿನಚರಿ ಪ್ರಾರ್ಥನೆಯಾಗಿರುವಷ್ಟು ಕಾಲ ಕ್ಷೇಮ. ಆದರೆ ಲೇಖನಿಯ ಸ್ವಭಾವವೇ ಬೇರೆ. ಅದಕ್ಕೆ ಓದುಗ ಬೇಕು. ಬೇರೆ ಯಾರೂ ಸಿಕ್ಕದಿದ್ದರೆ, ಬರೆಯುವವನನ್ನೇ ಓದುಗನನ್ನಾಗಿ ಮಾಡಿಕೊಂಡು ಅವನಿಂದ ತಲೆದೂಗಿಸಿಕೊಳ್ಳುತ್ತದೆ.

ಇದನ್ನು ನಾನು ಗ್ರಂಥಗಳಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ, ಮೊದಲ ವರ್ಷದ ಪದವಿ ತರಗತಿಯ ಹುಡುಗನೊಬ್ಬ ತನ್ನ ಊರಿನ ರಾಗಿ ಕಣದ ಮೇಲೆ ಪ್ರಬಂಧ ಬರೆದು ತಂದಿದ್ದ. ಮೇಟಿಯ ನೆರಳು, ರೋಣಗಲ್ಲಿನ ಸದ್ದು, ತೂರುವಾಗ ಅಜ್ಜಿ ಗಾಳಿಯನ್ನು ಕರೆಯುವ ಬಗೆ, ಎಲ್ಲವೂ ಎಷ್ಟು ಚೆನ್ನಾಗಿತ್ತೆಂದರೆ ನನಗೆ ನಂಬಿಕೆ ಬರಲಿಲ್ಲ. ತರಗತಿಯಲ್ಲಿ ಅವನನ್ನು ನಿಲ್ಲಿಸಿ, "ಯಾವ ಪುಸ್ತಕದಿಂದ ಇಳಿಸಿದ್ದು?" ಎಂದೆ. "ನಾನೇ ಬರೆದದ್ದು ಸಾರ್" ಎಂದ. "ಹಾಗಾದರೆ ಇನ್ನು ಮೇಲೆ ನಾನೇ ತಮ್ಮ ಹತ್ತಿರ ಪಾಠಕ್ಕೆ ಬರಬೇಕು" ಎಂದೆ. ಮರ್ಯಾದೆಗೆಂದು ಇರುವ ಬಹುವಚನವನ್ನು ಗಾಯಮಾಡುವುದಕ್ಕೆ ಬಳಸಿದೆ. ತರಗತಿಯೆಲ್ಲ ನಕ್ಕಿತು. ಹುಡುಗ ಕುಳಿತುಕೊಂಡ.

ಹತ್ತು ದಿನಗಳಾದ ಮೇಲೆ ಕಿರುಪರೀಕ್ಷೆ. ನಾನೇ ಮೇಲ್ವಿಚಾರಕ. ನನ್ನ ಕಣ್ಣೆದುರಿಗೇ ಕುಳಿತು ಆ ಹುಡುಗ ಕೆರೆಯ ಮೇಲೆ ಎರಡು ಪುಟ ಬರೆದ. ಏರಿ, ತೂಬು, ಬೇಸಿಗೆಯಲ್ಲಿ ಬಿರಿದ ಕೆಸರು. ಅದೇ ಕೈ, ಅದೇ ಕಣ್ಣು. ಸಂಶಯಕ್ಕೆ ಎಡೆಯೇ ಇರಲಿಲ್ಲ.

ಆ ರಾತ್ರಿ ನನ್ನ ದಿನಚರಿಯಲ್ಲಿ ಒಂದೂವರೆ ಪುಟ ಬರೆದೆ. ವಿದ್ಯೆಯ ಗರ್ವವನ್ನು ಕುರಿತು, ಎಳೆಯ ಮನಸ್ಸನ್ನು ಮುರಿದ ಪಾಪವನ್ನು ಕುರಿತು ಬರೆದೆ. ಕಣ್ಣಲ್ಲಿ ನೀರೂ ಬಂತು. ಬರೆದದ್ದನ್ನು ಓದಿನೋಡಿ, ಒಂದು ವಾಕ್ಯ ಸರಿ ಕಾಣದೆ, ಹೊಡೆದುಹಾಕಿ ಇನ್ನೂ ಚೆನ್ನಾಗಿ ಬರೆದೆ. ಮನಸ್ಸು ಹಗುರವಾಯಿತು. ಮಾರನೆಯ ದಿನವೂ ಅದರ ವಿಷಯವಾಗಿ ಬರೆದೆ; ಅದರ ಮಾರನೆಯ ದಿನವೂ. ವಾರಕ್ಕೆ ನಾಲ್ಕು ಸಲ ಆ ಹುಡುಗನ ತರಗತಿಗೆ ಹೋಗುತ್ತಿದ್ದೆ. ಪಾಠ ಮಾಡಿ ಬರುತ್ತಿದ್ದೆ.

ಆಮೇಲೆ ಒಂದು ಶನಿವಾರ ಪಾಪನಿವೇದನೆಗೆ ಹೋಗಿ ಇದನ್ನು ಹೇಳಿದೆ. ವಯಸ್ಸಾದ ಗುರುಗಳು. ಎಲ್ಲವನ್ನೂ ಕೇಳಿ, "ಆ ಹುಡುಗನಿಗೆ ಹೇಳಿದಿರಾ?" ಎಂದರು. "ಇಲ್ಲ, ಸ್ವಾಮಿ" ಎಂದೆ. "ಗೊತ್ತಾಗಿ ಎಷ್ಟು ದಿನವಾಯಿತು?" "ಇಪ್ಪತ್ತೊಂದು." ಅಷ್ಟು ಖಚಿತವಾಗಿ ನನಗೆ ನೆನಪಿದ್ದುದು ದಿನಚರಿಯ ದೆಸೆಯಿಂದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೆಕ್ಕ ಸರಿಯಾಗಿ ಇಟ್ಟಿದ್ದೀರಿ" ಎಂದರು. ಧ್ವನಿಯಲ್ಲಿ ಕೊಂಕು ಇರಲಿಲ್ಲ. "ಮೊದಲು ಅವನನ್ನು ನೋಡಿ. ತರಗತಿಯ ಎದುರು ಆದದ್ದು, ತರಗತಿಯ ಎದುರೇ ಹೇಳಿ."

ಸೋಮವಾರ ಹೇಳಿದೆ. ಹುಡುಗ ಎದ್ದು ನಿಂತು, "ಪರವಾಗಿಲ್ಲ ಸಾರ್" ಎಂದ. ಈ ಸಲ ಯಾರೂ ನಗಲಿಲ್ಲ. ಆದರೆ ಅನಂತರ ಅವನು ಬರೆದುಕೊಟ್ಟ ಪ್ರಬಂಧಗಳೆಲ್ಲ ಗೈಡಿನ ಭಾಷೆಯಲ್ಲಿದ್ದುವು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ತಪ್ಪೂ ಇಲ್ಲ, ಜೀವವೂ ಇಲ್ಲ. ಕಣವೂ ಕೆರೆಯೂ ಮತ್ತೆ ಬರಲಿಲ್ಲ. ಅವನು ಬೇಕೆಂದು ಹಾಗೆ ಬರೆದನೋ, ಹೆದರಿ ಬರೆದನೋ ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ. ಪರೀಕ್ಷೆಯ ಮಾರನೆಯ ದಿನವೇ ಹೋಗಿ ಹೇಳಿದ್ದರೆ ಬೇರೆಯಾಗುತ್ತಿತ್ತೆ? ಗೊತ್ತಿಲ್ಲ. ಆ ಇಪ್ಪತ್ತೊಂದು ದಿನ ನಾನು ಪಶ್ಚಾತ್ತಾಪದಲ್ಲಿಯೇ ಇದ್ದೆ ಎಂಬುದಂತೂ ನಿಜ. ಆ ಪಶ್ಚಾತ್ತಾಪದಲ್ಲಿ ಆ ಹುಡುಗನಿಗೆ ಒಂದು ಕಾಸಿನ ಪಾಲೂ ಸಲ್ಲಲಿಲ್ಲ ಎಂಬುದೂ ಅಷ್ಟೇ ನಿಜ. ಬರೆದು ಬರೆದು ನಾನು ನನ್ನ ಮನಸ್ಸಿನ ಭಾರವನ್ನು ಇಳಿಸಿಕೊಂಡೆ. ಆ ಭಾರವೇ ನನ್ನನ್ನು ಅವನ ಬಳಿಗೆ ನೂಕಬೇಕಾಗಿದ್ದ ಬಲ. ಅದನ್ನು ಪುಸ್ತಕದಲ್ಲಿ ಖರ್ಚುಮಾಡಿಬಿಟ್ಟೆ.

ಪಶ್ಚಾತ್ತಾಪ ಒಂದು ಭಾವನೆ ಮಾತ್ರವಾಗಿದ್ದರೆ ಅದನ್ನು ಚೆನ್ನಾಗಿ ಅನುಭವಿಸಿದರೆ ಮುಗಿಯಿತು; ಬರೆಯಬಲ್ಲವನು ಬರೆದೂ ಮುಗಿಸಬಹುದು. ಅದು ಸಾಲವಾಗಿದ್ದರೆ ಸಲ್ಲಿಸಿದ ಹೊರತು ತೀರುವುದಿಲ್ಲ. ಮತ್ತಾಯನ ಸುವಾರ್ತೆಯಲ್ಲಿ ಯೇಸುಸ್ವಾಮಿ ಹೇಳುವ ಒಂದು ಮಾತಿದೆ: ಕಾಣಿಕೆ ಒಪ್ಪಿಸಲೆಂದು ಬಲಿಪೀಠದ ಬಳಿ ನಿಂತಾಗ ಸೋದರನಿಗೆ ನಿನ್ನ ಮೇಲೆ ಏನೋ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಅವನೊಡನೆ ಸಮಾಧಾನ ಮಾಡಿಕೊಂಡು ಬಾ ಎಂದು. ದೇವರ ಕಾಣಿಕೆಯೇ ಕಾಯಬಹುದಾದರೆ ನನ್ನ ದಿನಚರಿಯ ಒಂದೂವರೆ ಪುಟ ಕಾಯಲಾರದಾಗಿತ್ತೆ?

ಇದನ್ನೆಲ್ಲ ಈಗ ಪತ್ರಿಕೆಯಲ್ಲಿ ಬರೆಯುತ್ತಿದ್ದೀಯಲ್ಲ, ಇದೂ ಅದೇ ಚಟವಲ್ಲವೆ ಎಂದು ಓದುಗರು ಕೇಳಬಹುದು. ಇರಬಹುದು. ಆ ಆಕ್ಷೇಪಣೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಹೇಳಬೇಕಾದವನಿಗೆ ಮೊದಲು ಹೇಳಿ ಆಮೇಲೆ ಬರೆಯುತ್ತಿದ್ದೇನೆ ಎಂಬುದಷ್ಟೇ ನನ್ನ ಸಮಾಧಾನ.

ಹಾಗಾದರೆ ಪುಸ್ತಕವನ್ನು ಬಿಟ್ಟುಬಿಡಬೇಕೆ? ನಾನು ಬಿಟ್ಟಿಲ್ಲ. ತಪ್ಪು ಪುಸ್ತಕದ್ದಲ್ಲ, ಐದನೆಯ ಅಂಗಕ್ಕೆ ಬರುವ ಮುಂಚೆಯೇ ಅದನ್ನು ಮುಚ್ಚಿ ಮಲಗಿದವನದು. ಇಗ್ನೇಷಿಯಸರ ಕ್ರಮ ಕೃತಜ್ಞತೆಯಿಂದ ಹೊರಟು, ನಾಳೆ ಏನು ಮಾಡುತ್ತೀ ಎಂಬಲ್ಲಿ ನಿಲ್ಲುತ್ತದೆ. ಮೊದಲನೆಯದನ್ನು ಬಿಟ್ಟರೆ ಶೋಧನೆ ಚಪ್ಪಲಿಯ ಹರಳಾಗುತ್ತದೆ. ಕೊನೆಯದನ್ನು ಬಿಟ್ಟರೆ ಸಾಹಿತ್ಯವಾಗುತ್ತದೆ. ಕನ್ನಡ ಪಾಠ ಹೇಳುವ ನನ್ನಂಥವನಿಗೆ ಎರಡನೆಯ ಅಪಾಯವೇ ಹೆಚ್ಚು.

ಈಗ ನನ್ನ ದಿನಚರಿಯ ಪುಟಕ್ಕೆ ನಡುವೆ ಒಂದು ಗೆರೆ ಎಳೆದಿದ್ದೇನೆ. ಎಡಗಡೆ, ಆ ದಿನ ಯಾರಿಂದ ಏನು ಬಂತು ಎಂಬುದು: ಹೆಂಡತಿ ಕೇಳದೆ ತಂದಿಟ್ಟ ಕಾಫಿ, ಬಸ್ಸಿನಲ್ಲಿ ಯಾರೋ ಎದ್ದು ಕೊಟ್ಟ ಜಾಗ, ಒಬ್ಬ ವಿದ್ಯಾರ್ಥಿ ಕೇಳಿದ ಒಳ್ಳೆಯ ಪ್ರಶ್ನೆ. ಬಲಗಡೆ, ನನ್ನ ಮನಸ್ಸಿಗೆ ಏನಾಯಿತೆಂಬುದನ್ನು ಬರೆಯುವುದಿಲ್ಲ. ನಾಳೆ ಯಾರನ್ನು ನೋಡಬೇಕು ಎಂದು ಹೆಸರು ಬರೆಯುತ್ತೇನೆ. ನೋಡಿ ಬಂದ ಮೇಲೆ ಅದರ ಮೇಲೆ ಒಂದು ಗೆರೆ. ಕೆಲವು ದಿನ ಬಲಗಡೆ ಖಾಲಿ ಇರುತ್ತದೆ. ಆಗ ಅಮ್ಮನ ಮನೆಯ ಆ ಮೌನ ನೆನಪಾಗಿ, ಈ ಹೊತ್ತೂ ಅಣ್ಣನ ದಿನವನ್ನೇ ನೋಡುತ್ತಿದ್ದೇನೆಯೋ ಏನೋ ಎಂದು ಇನ್ನೊಮ್ಮೆ ಮೊದಲಿಂದ ನೋಡುತ್ತೇನೆ. ಸಾಮಾನ್ಯವಾಗಿ ಒಂದು ಹೆಸರು ಸಿಕ್ಕುತ್ತದೆ.